ಐರ್ಲೆಂಡಿನ ಹಳೆಯ ಬಂದೂಕುಗಳು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೋಮ್ ರೂಲ್ ಚಳವಳಿಯ ಪಾಠ ನೆನಪಿರಬಹುದು. 1916ರಲ್ಲಿ ಲೋಕಮಾನ್ಯ ತಿಲಕರೂ ಆನಿ ಬೆಸೆಂಟರೂ ಬೇರೆ ಬೇರೆಯಾಗಿ ಸ್ಥಾಪಿಸಿದ ಸಂಘಗಳಿಗೆ ಆ ಹೆಸರು ಬಂದದ್ದು ಐರ್ಲೆಂಡಿನಿಂದ. ತರಗತಿಯಲ್ಲಿ ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಿನ ಘಟ್ಟಕ್ಕೆ ಸಾಗುತ್ತಿದ್ದೆವು. ಆ ವಾಕ್ಯದ ಹಿಂದೆ ಬಂದೂಕುಗಳ ಒಂದು ಕಥೆಯಿದೆ. ಅದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಪದದ ವಿಚಾರ. ಅರೆಸೇನಾ ಪಡೆ ಎಂದೊಡನೆ ನಮಗೆ ನೆನಪಾಗುವುದು ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮುಂತಾದ ಸರಕಾರಿ ಪಡೆಗಳು. ಯುರೋಪಿನ ಚರಿತ್ರೆಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಸರಕಾರಕ್ಕೆ ಸೇರದೆ, ತಾವೇ ಸಂಘಟಿತರಾಗಿ, ಸೈನ್ಯದ ಕ್ರಮದಲ್ಲಿ ಕವಾಯತು ಮಾಡಿ ಆಯುಧ ಹಿಡಿದ ಖಾಸಗಿ ಪಡೆಗಳನ್ನೂ ಅಲ್ಲಿ ಇದೇ ಹೆಸರಿನಿಂದ ಕರೆಯುತ್ತಾರೆ. ನಾನು ಹೇಳಹೊರಟಿರುವುದು ಅಂತಹ ಎರಡು ಪಡೆಗಳ ವಿಷಯ.

1912ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಆಸ್ಕ್ವಿತ್ ಐರ್ಲೆಂಡಿಗೆ ಸೀಮಿತ ಸ್ವಯಮಾಡಳಿತ ನೀಡುವ ಮಸೂದೆಯನ್ನು ಮಂಡಿಸಿದರು. 1911ರ ಕಾಯಿದೆಯಿಂದಾಗಿ ಮೇಲ್ಮನೆಯು ಮಸೂದೆಯನ್ನು ತಡೆಹಿಡಿಯಬಹುದಿತ್ತೇ ಹೊರತು ಕೊಲ್ಲುವಂತಿರಲಿಲ್ಲ. 1914ರಲ್ಲಿ ಅದು ಶಾಸನವಾಗುವುದು ನಿಶ್ಚಿತವಾಗಿತ್ತು. ಐರ್ಲೆಂಡಿನ ಬಹುಸಂಖ್ಯಾತ ಕ್ಯಾಥೊಲಿಕರಿಗೆ ಇದು ಹರ್ಷದ ಸಂಗತಿ. ಉತ್ತರದ ಅಲ್ಸ್ಟರ್ ಪ್ರಾಂತದ ಪ್ರಾಟೆಸ್ಟಂಟರಿಗೆ ಭೀತಿಯ ಸಂಗತಿ. ಡಬ್ಲಿನ್ನಿನ ಶಾಸನಸಭೆಯಲ್ಲಿ ತಾವು ಶಾಶ್ವತ ಅಲ್ಪಸಂಖ್ಯಾತರಾಗುವೆವೆಂಬುದು ಅವರ ಆತಂಕ. 1912ರ ಸೆಪ್ಟೆಂಬರ್ 28ರಂದು ಎರಡು ಲಕ್ಷಕ್ಕೂ ಹೆಚ್ಚು ಪುರುಷರು ಪ್ರತಿಜ್ಞಾಪತ್ರಕ್ಕೂ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸ್ತ್ರೀಯರು ಪ್ರತ್ಯೇಕ ಘೋಷಣೆಗೂ ಸಹಿ ಹಾಕಿ ಸ್ವಯಮಾಡಳಿತವನ್ನು ಒಪ್ಪೆವೆಂದರು. 1913ರ ಜನವರಿಯಲ್ಲಿ ಅಲ್ಸ್ಟರ್ ಸ್ವಯಂಸೇವಕ ಪಡೆ ರೂಪುಗೊಂಡಿತು. ಅದರ ದಂಡನಾಯಕನಾಗಿ ಬಂದವನು ಜನರಲ್ ಜಾರ್ಜ್ ರಿಚರ್ಡ್‌ಸನ್. ಆತ ನಮ್ಮ ದೇಶದ ಬ್ರಿಟಿಷ್ ಸೈನ್ಯದಲ್ಲಿ ದುಡಿದು ನಿವೃತ್ತನಾದವನು.

ಆಗ ಜಾರಿಯಲ್ಲಿದ್ದ ಕಾನೂನಿನ ಒಂದು ಸಂದು ಇವರಿಗೆ ಒದಗಿಬಂತು. ಇಬ್ಬರು ಮ್ಯಾಜಿಸ್ಟ್ರೇಟರು ಅನುಮತಿಯಿತ್ತರೆ ನಾಗರಿಕರು ಕವಾಯತು ಮಾಡಬಹುದಿತ್ತು. ಅಲ್ಸ್ಟರಿನಲ್ಲಿ ಅಂತಹ ಇಬ್ಬರನ್ನು ಹುಡುಕುವುದು ಕಷ್ಟವಿರಲಿಲ್ಲ. ಆದರೆ ಕವಾಯತಿಗೆ ಬಂದೂಕುಗಳಿರಲಿಲ್ಲ. ಬಹಳ ಮಂದಿ ಮರದ ಬಂದೂಕುಗಳನ್ನು ಹೆಗಲಿಗಿಟ್ಟು ನಡೆದರು. ಪತ್ರಿಕೆಗಳು ನಕ್ಕವು. 1913ರ ಡಿಸೆಂಬರ್‌ನಲ್ಲಿ ಐರ್ಲೆಂಡಿಗೆ ಶಸ್ತ್ರಾಸ್ತ್ರ ತರುವುದನ್ನು ಸರಕಾರ ನಿಷೇಧಿಸಿತು.

ಮರದ ಬಂದೂಕಿನ ಜಾಗಕ್ಕೆ ನಿಜವಾದ ಬಂದೂಕನ್ನು ತಂದವನು ಫ್ರೆಡ್ ಕ್ರಾಫರ್ಡ್ ಎಂಬ ಬೆಲ್‌ಫಾಸ್ಟಿನ ವ್ಯಾಪಾರಿ. ಜರ್ಮನಿಯ ಹ್ಯಾಂಬರ್ಗ್ ನಗರದ ಬ್ರೂನೋ ಸ್ಪಿರೋ ಎಂಬ ಶಸ್ತ್ರ ವ್ಯಾಪಾರಿಯ ಬಳಿ ಆತ ಕೊಂಡ ಸರಕು ಮೂರು ಬಗೆಯದು. ಆಸ್ಟ್ರಿಯಾದ ಸ್ಟೇಯರ್ ಕಾರ್ಖಾನೆಯ ಮ್ಯಾನ್ಲಿಷರ್ ಬಂದೂಕುಗಳು ಸುಮಾರು 11,000. ಜರ್ಮನ್ ಸೈನ್ಯದ 1888ರ ಮಾದರಿಯವು ಸುಮಾರು 9,000. ಇಟಲಿಯ ವೆಟ್ಟರ್ಲಿ ಬಂದೂಕುಗಳು ಸುಮಾರು 4,600. ಮೂರನೆಯದು 1870ರ ವಿನ್ಯಾಸ. ಮೂಲದಲ್ಲಿ ಒಮ್ಮೆಗೆ ಒಂದೇ ತೋಟಾ ತುಂಬುವಂಥದು. ನಾಲ್ಕು ತೋಟಾ ಹಿಡಿಯುವಂತೆ ಮುಂದೆ ಮಾರ್ಪಡಿಸಿದ್ದರು. ಅದರ ನಳಿಗೆಯ ಅಳತೆ 10.4 ಮಿಲಿಮೀಟರ್, ಉಳಿದೆರಡರದು ಸುಮಾರು 8. ಅದರ ತೋಟಾ ಉಳಿದೆರಡಕ್ಕೆ ಹೊಂದದು. ಯುದ್ಧಭೂಮಿಯಲ್ಲಿ ಈ ಬೆರಕೆ ಎಂತಹ ಗೊಂದಲ ತರುತ್ತಿತ್ತೆಂಬುದನ್ನು ಯಾವ ಸಿಪಾಯಿಯೂ ಹೇಳಬಲ್ಲ. ಕ್ರಾಫರ್ಡ್ ಮಾತ್ರ ದೂರದೃಷ್ಟಿಯಿಂದ ಐದೈದು ಬಂದೂಕುಗಳನ್ನು ಅವುಗಳಿಗೆ ತಕ್ಕ ತೋಟಾಗಳೊಡನೆ ಒಂದೊಂದು ಕಟ್ಟಾಗಿ ಕಟ್ಟಿಸಿದ. ದಡಕ್ಕಿಳಿದೊಡನೆ ಹಂಚಲು ಅನುಕೂಲವಾಗಲೆಂಬುದು ಅವನ ಲೆಕ್ಕ.

ಸರಕು ಹೊತ್ತ 'ಫ್ಯಾನಿ' ಎಂಬ ನಾರ್ವೆಯ ಹಡಗಿನ ಕಾಗದಪತ್ರಗಳನ್ನು ಡೆನ್ಮಾರ್ಕಿನ ಅಧಿಕಾರಿಗಳು ಅನುಮಾನದಿಂದ ವಶಪಡಿಸಿಕೊಂಡರು. ಹಡಗು ಪತ್ರಗಳಿಲ್ಲದೆಯೇ ಪರಾರಿಯಾಯಿತು. ಮುಂದೆ ಸಮುದ್ರದಲ್ಲಿಯೇ ಸರಕನ್ನು 'ಕ್ಲೈಡ್ ವ್ಯಾಲಿ' ಎಂಬ ಹಡಗಿಗೆ ಸಾಗಿಸಲಾಯಿತು. 1914ರ ಏಪ್ರಿಲ್ 24ರ ರಾತ್ರಿ ಅದು ಲಾರ್ನ್ ಬಂದರಿಗೆ ಬಂದಾಗ ನೂರಾರು ಮೋಟಾರು ಕಾರುಗಳು ಸಾಲುಗಟ್ಟಿ ಕಾಯುತ್ತಿದ್ದವು. ಬೆಲ್‌ಫಾಸ್ಟಿನಲ್ಲಿ ಇನ್ನೊಂದು ಹಡಗನ್ನು ಸಂಶಯ ಬರುವಂತೆ ತಂದು ನಿಲ್ಲಿಸಿ, ಸುಂಕದ ಅಧಿಕಾರಿಗಳು ಅಲ್ಲಿಯೇ ಉಳಿಯುವಂತೆ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ಸುಮಾರು 25,000 ಬಂದೂಕುಗಳು ಹಳ್ಳಿಹಳ್ಳಿಗೆ ಸೇರಿಹೋಗಿದ್ದವು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಅದಕ್ಕೂ ಒಂದು ತಿಂಗಳ ಹಿಂದೆಯೇ ಕರ‍್ರಾ ಶಿಬಿರದ ಹಲವು ಸೇನಾಧಿಕಾರಿಗಳು, ಅಲ್ಸ್ಟರಿನ ಮೇಲೆ ಹೋಗುವುದಕ್ಕಿಂತ ಸೇವೆಯನ್ನೇ ಬಿಡುತ್ತೇವೆಂದು ತಿಳಿಸಿದ್ದರು. ಸರಕಾರದ ಕೈ ಕಟ್ಟಿಹೋಗಿತ್ತು.

ಎದುರಿನವರು ಇದನ್ನೆಲ್ಲ ನೋಡುತ್ತಲೇ ಇದ್ದರು. 1913ರ ನವೆಂಬರ್‌ನಲ್ಲಿ ಇತಿಹಾಸದ ಪ್ರಾಧ್ಯಾಪಕ ಓವನ್ ಮ್ಯಾಕ್‌ನೀಲ್ ಬರೆದ ಲೇಖನದ ಸಾರಾಂಶವೇ, ಉತ್ತರದವರು ತೋರಿದ ದಾರಿಯಲ್ಲಿ ನಾವೂ ನಡೆಯೋಣ ಎಂಬುದು. ಅದೇ ತಿಂಗಳ 25ರಂದು ಡಬ್ಲಿನ್ನಿನಲ್ಲಿ ಐರಿಷ್ ಸ್ವಯಂಸೇವಕ ಪಡೆ ಹುಟ್ಟಿತು. ಇವರ ಕೈಯಲ್ಲಿ ಹಣ ಕಡಮೆ. ಕೆಲವು ಹಿತೈಷಿಗಳು ಕೂಡಿಸಿಕೊಟ್ಟ ಸುಮಾರು 1,500 ಪೌಂಡುಗಳಲ್ಲಿ ಅದೇ ಹ್ಯಾಂಬರ್ಗಿನಲ್ಲಿ 1,500 ಬಂದೂಕುಗಳನ್ನು ಕೊಂಡರು. ಅವು 1871ರ ಮಾದರಿಯ ಮೌಸರ್‌ಗಳು: ಒಂದು ಗುಂಡು ಹಾರಿಸಿದ ಮೇಲೆ ಇನ್ನೊಂದನ್ನು ಕೈಯಿಂದ ತುಂಬಬೇಕು, ಕರಿಮದ್ದಿನ ತೋಟಾ, ಹಾರಿಸಿದೊಡನೆ ಭುಜಕ್ಕೆ ಬಲವಾದ ಒದೆತ, ಕಣ್ಣಿಗೆ ದಟ್ಟ ಹೊಗೆ. ಅಡಗಿ ಕುಳಿತವನ ಸ್ಥಳವನ್ನು ಆ ಹೊಗೆಯೇ ಶತ್ರುವಿಗೆ ತೋರಿಸಿಕೊಡುತ್ತಿತ್ತು.

ಇವುಗಳಲ್ಲಿ 900ನ್ನು 'ಆಸ್ಗಾರ್ಡ್' ಎಂಬ ತನ್ನ ಸ್ವಂತ ಹಾಯಿದೋಣಿಯಲ್ಲಿ ತಂದವನು ಎರ್ಸ್ಕಿನ್ ಚಿಲ್ಡರ್ಸ್. ಜರ್ಮನರು ದೋಣಿಗಳಲ್ಲಿ ಬಂದು ಇಂಗ್ಲೆಂಡಿನ ಮೇಲೆರಗುವ ಸಂಚನ್ನು ಕಥಾವಸ್ತುವಾಗಿಸಿಕೊಂಡು 1903ರಲ್ಲಿ ಕಾದಂಬರಿ ಬರೆದು ಹೆಸರಾದವನೂ ಈತನೇ. 1914ರ ಜುಲೈ 26, ಭಾನುವಾರ, ಹಾಡುಹಗಲಿನಲ್ಲೇ ಡಬ್ಲಿನ್ನಿನ ಬಳಿಯ ಹೌತ್ ಬಂದರಿನಲ್ಲಿ ಬಂದೂಕುಗಳನ್ನು ಇಳಿಸಿದರು. ಮಿಕ್ಕ 600 ಒಂದು ವಾರದೊಳಗೆ ಕಿಲ್ಕೂಲ್ ಎಂಬಲ್ಲಿ ಇಳಿದವು. ಹೌತ್‌ನಲ್ಲಿ ಸರಕಾರ ಸುಮ್ಮನಿರಲಿಲ್ಲ, ಸೈನಿಕರನ್ನು ಕಳಿಸಿತು. ಬಂದೂಕುಗಳು ಬಹುಪಾಲು ಸಿಗಲಿಲ್ಲ. ಸೈನಿಕರು ನಗರಕ್ಕೆ ಮರಳುವಾಗ ಬ್ಯಾಚಲರ್ಸ್ ವಾಕ್ ಎಂಬ ಬೀದಿಯಲ್ಲಿ ಹೀಯಾಳಿಸಿ ಕಲ್ಲೆಸೆದ ಜನರ ಮೇಲೆ ಗುಂಡು ಹಾರಿಸಿದರು. ಮೂವರು ಅಂದೇ ಸತ್ತರು. ಗಾಯಗೊಂಡ ಇನ್ನೊಬ್ಬರು ಅನಂತರ ತೀರಿಕೊಂಡರು. ಲಾರ್ನ್‌ನಲ್ಲಿ 25,000ಕ್ಕೆ ಕಣ್ಣುಮುಚ್ಚಿದ ಸರಕಾರ ಇಲ್ಲಿ 900ಕ್ಕೆ ರಕ್ತ ಹರಿಸಿತೆಂಬ ಮಾತು ಮನೆಮನೆಗೆ ಮುಟ್ಟಿತು. ಆ ಬಂದೂಕುಗಳು ಮಾಡಲಾರದ ಕೆಲಸವನ್ನು ಈ ತಾರತಮ್ಯ ಮಾಡಿತು.

ಮುಂದಿನ ವಾರವೇ ಮಹಾಯುದ್ಧ. ಅಲ್ಸ್ಟರಿನ ಸ್ವಯಂಸೇವಕರು ಸಾವಿರಗಟ್ಟಲೆಯಾಗಿ ಬ್ರಿಟಿಷ್ ಸೈನ್ಯದ 36ನೆಯ ಡಿವಿಷನ್ನಿಗೆ ಸೇರಿದರು. 1916ರ ಜುಲೈ 1ರಂದು ಆರಂಭವಾದ ಸೋಮ್ ಕದನದ ಮೊದಲ ಎರಡು ದಿನಗಳಲ್ಲೇ ಆ ಡಿವಿಷನ್ನಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಐದು ಸಾವಿರ ದಾಟಿದರು. ಅವರ ಕೈಯಲ್ಲಿದ್ದದ್ದು ಸೈನ್ಯ ಕೊಟ್ಟ ಲೀ-ಎನ್‌ಫೀಲ್ಡ್. ಅಷ್ಟು ಸಾಹಸದಿಂದ ತಂದ ಜರ್ಮನಿಯ ಸರಕಲ್ಲ.

ಅದೇ ವರ್ಷದ ಏಪ್ರಿಲ್ 24ರಂದು, ಲಾರ್ನ್ ಘಟನೆಗೆ ಸರಿಯಾಗಿ ಎರಡು ವರ್ಷವಾದ ದಿನ, ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ಎದ್ದಿತು. ದಂಗೆಗೆಂದು ಜರ್ಮನಿ ಕಳಿಸಿದ್ದ 20,000 ರಷ್ಯನ್ ಬಂದೂಕುಗಳ ಹಡಗನ್ನು ಬ್ರಿಟಿಷರು ಹಿಡಿದು ತರುತ್ತಿದ್ದಾಗ, ಕಾರ್ಕ್ ಬಂದರಿನ ಬಳಿ ಅದರ ಕಪ್ತಾನನೇ ಮುಳುಗಿಸಿದ್ದ. ಹಾಗಾಗಿ ದಂಗೆಕೋರರಲ್ಲಿ ಅನೇಕರಿಗೆ ಉಳಿದದ್ದು ಹೌತ್‌ನ ಆ ಹಳೆಯ ಮೌಸರ್. ಒಂದು ವಾರದೊಳಗೆ ಫಿರಂಗಿಗಳ ಮುಂದೆ ದಂಗೆ ಅಡಗಿತು. ಸತ್ತವರು ಸುಮಾರು 485 ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಯಾವ ಪಡೆಗೂ ಸೇರದ ಸಾಮಾನ್ಯರು.

ಚಿಲ್ಡರ್ಸನ ಅಂತ್ಯವನ್ನು ಹೇಳಲೇಬೇಕು. 1921ರ ಒಪ್ಪಂದದಿಂದ ಐರ್ಲೆಂಡಿನ ಹೆಚ್ಚಿನ ಭಾಗಕ್ಕೆ ಸ್ವಂತ ಸರಕಾರ ಬಂತು. ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ಅಂತರ್ಯುದ್ಧ ಹತ್ತಿತು. ಒಪ್ಪದವರ ಪಕ್ಷದಲ್ಲಿದ್ದ ಚಿಲ್ಡರ್ಸನ ಬಳಿ ಒಂದು ಚಿಕ್ಕ ಪಿಸ್ತೂಲು ಸಿಕ್ಕಿತು. ಅನುಮತಿಯಿಲ್ಲದೆ ಆಯುಧ ಇಟ್ಟುಕೊಂಡ ಅಪರಾಧಕ್ಕಾಗಿ, ಒಂದು ಕಾಲಕ್ಕೆ ಆತನ ಸಂಗಾತಿಗಳಾಗಿದ್ದವರ ಸರಕಾರವೇ 1922ರ ನವೆಂಬರ್ 24ರಂದು ಆತನನ್ನು ಗುಂಡಿಟ್ಟು ಕೊಂದಿತು. ದೇಶಕ್ಕೆ 900 ಬಂದೂಕು ತಂದವನು ಒಂದು ಪಿಸ್ತೂಲಿಗಾಗಿ ಪ್ರಾಣ ತೆತ್ತ. ಸಾಯುವ ಮುನ್ನ ಆತ ಗುಂಡಿಡಲು ಬಂದವರ ಕೈ ಕುಲುಕಿದನಂತೆ. ತನ್ನ ಮರಣದಂಡನೆಗೆ ಕಾರಣರಾದವರ ಕೈಯನ್ನು ನೀನೂ ಕುಲುಕಬೇಕೆಂದು ಮಗನಿಂದ ಮಾತು ಪಡೆದನಂತೆ. ಆ ಮಗ 1973ರಲ್ಲಿ ಐರ್ಲೆಂಡಿನ ರಾಷ್ಟ್ರಾಧ್ಯಕ್ಷನಾದ.

ಆಯುಧಗಳ ಚರಿತ್ರೆ ಓದುವಾಗ ನಾವು ಸಾಮಾನ್ಯವಾಗಿ ಅವುಗಳ ಶಕ್ತಿಯನ್ನು ನೋಡುತ್ತೇವೆ: ಎಷ್ಟು ದೂರ ಹೊಡೆಯಿತು, ನಿಮಿಷಕ್ಕೆ ಎಷ್ಟು ಗುಂಡು ಎಂದು. ಐರ್ಲೆಂಡಿನ ಈ ಬಂದೂಕುಗಳು ಆ ಲೆಕ್ಕದಲ್ಲಿ ಕೀಳು ಸರಕು. ದೊಡ್ಡ ಸೈನ್ಯಗಳು ಬಳಸಿ ಬಿಟ್ಟವೇ ಅವುಗಳಲ್ಲಿ ಹೆಚ್ಚು. ಆದರೂ ಶಾಸನಸಭೆಯಲ್ಲಿ ತೀರ್ಮಾನವಾಗಬೇಕಿದ್ದ ಜಗಳ ಅಲ್ಲಿ ತೀರದಂತೆ ಮಾಡಿದ್ದು ಅವೇ. ಒಬ್ಬರು ಹೆದರಿ ತಂದರು, ಅವರನ್ನು ಕಂಡು ಇನ್ನೊಬ್ಬರು ತಂದರು. ಮಾರಿದವರಿಗೆ ಇಬ್ಬರೂ ಗಿರಾಕಿಗಳೇ.

ಅಲ್ಸ್ಟರ್ ಪಡೆಯ ಹೆಸರನ್ನು 1966ರಲ್ಲಿ ಮತ್ತೊಂದು ಗುಪ್ತ ಗುಂಪು ಎತ್ತಿಕೊಂಡಿತು. ಉತ್ತರ ಐರ್ಲೆಂಡಿನಲ್ಲಿ ಮತ್ತೆ ದಶಕಗಳ ಕಾಲ ಹೆಣಗಳು ಬಿದ್ದವು. 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾದ ಮೇಲೂ ಬಹುಕಾಲ ಬಗೆಹರಿಯದೆ ಉಳಿದ ತೊಡಕು ಆಯುಧಗಳನ್ನು ಕೆಳಗಿಡಿಸುವುದು. ಐರಿಷ್ ರಿಪಬ್ಲಿಕನ್ ಆರ್ಮಿಯ ಆಯುಧಗಳು ನಿಷ್ಕ್ರಿಯಗೊಂಡದ್ದು 2005ರಲ್ಲಿ. ಅಲ್ಸ್ಟರ್ ಹೆಸರಿನ ಆ ಗುಂಪಿನವು 2009ರಲ್ಲಿ. ಲಾರ್ನ್ ಬಂದರಿನಲ್ಲಿ ಬಂದೂಕು ಇಳಿಸಲು ಒಂದು ರಾತ್ರಿ ಸಾಕಾಗಿತ್ತು. 'ಆಸ್ಗಾರ್ಡ್' ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮಲ್ಲಿ ಆ ದೇಶದಲ್ಲಿ ನೆಲೆಸಿರುವವರು, ಪ್ರವಾಸ ಹೋಗುವವರು ಅದನ್ನು ಒಮ್ಮೆ ನೋಡಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ.