ನಾಲ್ಕು ಮಂದಿ ಕೂಡಿದ ಕಟ್ಟೆ: ರೈತರ ಮಾತುಕತೆಗೂ ಒಂದು ಇತಿಹಾಸ ಅದ

ಈ ಸಲ ಹೊಲದ ಲೆಕ್ಕ ಬಿಟ್ಟು ಬೇರೆ ಒಂದು ವಿಷಯ ಬರೀಲತ್ತೀನಿ. ಸ್ವಲ್ಪ ಉದ್ದ ಆಗ್ತದ, ಸವಡಿದ್ದಾಗ ಓದ್ರಿ.

ಮೊನ್ನೆ ಸಂಜೀಕ ಗುಡಿ ಕಟ್ಟೆ ಮ್ಯಾಲ ಕೂತಿದ್ವಿ. ನಮ್ಮ ಓಣಿಯ ಹುಡುಗ ಒಬ್ಬ ಬಂದು ನಮ್ಮ ಕಾಕಾನ್ನ ಕೇಳಿದ: "ಕಾಕಾ, ಎರಡು ಎಕರೆ ತೊಗರಿ ನಡುನಡುವ ಒಣಗ್ಲತ್ತದ. ಯಾವ ಎಣ್ಣಿ ಹೊಡೀಲಿ?"

"ಎಣ್ಣಿ ಆಮ್ಯಾಲ ಕೇಳು. ಗಿಡ ಕಿತ್ತು ಬುಡ ಸೀಳಿ ನೋಡಿದಿ ಏನು?"

"ಇಲ್ಲ."

"ಹಂಗಾದ್ರ ಮದ್ಲ ಅದು ಮಾಡಿ ಬಾ. ಸೀಳಿದ ಕಾಂಡದ ಒಳಗ ಕಪ್ಪು ಗೆರಿ ಇತ್ತಂದ್ರ ಸಿಡಿ. ಬೇರು ಒಣಗಿ ಪಟ್ಟನೆ ಮುರದ್ರ ಅದು ಬೇರಿನ ಕೊಳೆ. ಎರಡಕ್ಕೂ ಎಲಿ ಮ್ಯಾಲ ಎಣ್ಣಿ ಹೊಡದು ಉಪಯೋಗಿಲ್ಲ. ರೋಗ ನೆಲದಾಗದ."

ಇಷ್ಟೇ ಮಾತು, ಐದು ನಿಮಿಷ. ಆ ಹುಡುಗನ ಎರಡು ಸಾವಿರ ರೂಪಾಯಿ ಉಳೀತು. ಮನಿಗೆ ಬಂದ ಮ್ಯಾಲೂ ನನ್ನ ತಲೆಯೊಳಗ ಅದೇ ಕೊರೀಲತ್ತಿತ್ತು. ಇಂಥ ಮಾತನ್ನ ನಾವು ಹರಟೆ ಅಂತೀವಿ. ಖರೆ ಹೇಳಬೇಕಂದ್ರ ಒಕ್ಕಲುತನದ ಅರ್ಧ ವಿದ್ಯೆ ಇಂಥ ಹರಟೆಯೊಳಗೇ ಉಳದು ಬಂದದ. ಇದಕ್ಕೆ ಪುರಾವೆಯೂ ಅದ.

1956ರಲ್ಲಿ ಪುಣೆ ಸುತ್ತಿನ ಐದು ಜಿಲ್ಲೆಗಳಲ್ಲಿ ಆಕಾಶವಾಣಿಯವರು ಯುನೆಸ್ಕೋ ನೆರವಿನಿಂದ ಒಂದು ಪ್ರಯೋಗ ಮಾಡಿದರು. 150 ಹಳ್ಳಿ ಆರಿಸಿ, ಪ್ರತಿ ಊರಲ್ಲಿ ಹದಿನೈದಿಪ್ಪತ್ತು ಮಂದಿ ರೈತರ ಕೂಟ ಕಟ್ಟಿದರು. ವಾರಕ್ಕೆ ಎರಡು ಸಲ ಅರ್ಧ ತಾಸು ಕಾರ್ಯಕ್ರಮ, ಒಟ್ಟು 20 ಕಂತು. ರೇಡಿಯೋ ಬಂದ್ ಆದ ಮೇಲೆ ಎದ್ದು ಹೋಗುವಂತಿಲ್ಲ. ಕೂತು ಮಾತಾಡಬೇಕು: ಇದು ನಮ್ಮ ಊರಿಗೆ ಹೊಂದುತ್ತದೋ ಇಲ್ಲೋ, ಹೊಂದಿದರೆ ಏನು ಮಾಡೋಣ. ಉಳಿದ ಪ್ರಶ್ನೆಗಳನ್ನು ಬರೆದು ಕೇಂದ್ರಕ್ಕೆ ಕಳಿಸಬೇಕು. ಅಲ್ಲಿಂದ ಉತ್ತರ ಬರುತ್ತಿತ್ತು. ಈ ಪದ್ಧತಿ ಮೊದಲು ಕೆನಡಾದ ರೈತರಲ್ಲಿ 1941ರಿಂದ ನಡೆದಿತ್ತು. ಓದು, ಕೇಳು, ಚರ್ಚಿಸು, ಮಾಡು ಅನ್ನೋದು ಅವರ ಸೂತ್ರ.

ಪ್ರಯೋಗ ಮುಗಿದ ಮೇಲೆ ಕೂಟ ಇದ್ದ ಊರುಗಳನ್ನೂ ಇಲ್ಲದ ಊರುಗಳನ್ನೂ ತಾಳೆ ನೋಡಿದರು. ಕೂಟ ಇಲ್ಲದವುಗಳಲ್ಲಿ ರೇಡಿಯೋ ಇದ್ದ ಊರುಗಳೂ ಇದ್ದವು. ಕೂಟ ಇದ್ದ ಊರಲ್ಲಿ ಮಂದಿಯ ತಿಳಿವಳಿಕೆ ಬಹಳ ಏರಿತ್ತು. ಇಲ್ಲದ ಊರಲ್ಲಿ ಏರಿಕೆ ಇದ್ದೂ ಇಲ್ಲದಂಗ. ಅಂದ್ರ ಬರೇ ಕೇಳೋದರಿಂದ ಆದದ್ದು ಕಡಿಮಿ, ಕೇಳಿ ತಿರುಗಿ ಮಾತಾಡೋದರಿಂದ ಆದದ್ದು ಹೆಚ್ಚು. 1959ರಲ್ಲಿ ಈ ಕೂಟಗಳನ್ನು ದೇಶದ ಉಳಿದ ಕಡೆಗೂ ವಿಸ್ತರಿಸಿದರು.

ನಮ್ಮ ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ನಮ್ಮ ಮನಿಯೊಳಗ ಮುತ್ಯಾ ಸಂಜೀಕ ಕೃಷಿರಂಗ ಹಚ್ಚತಿದ್ದ. ಓಣಿಯ ಮಂದಿ ಅಂಗಳಕ್ಕೆ ಬರತಿದ್ದರು. ಕಾರ್ಯಕ್ರಮ ಅರ್ಧ ತಾಸು, ಅದರ ಮ್ಯಾಲಿನ ಜಗಳ ಒಂದು ತಾಸು. "ಅವರು ಹೇಳಿದ್ದು ನೀರಾವರಿ ಹೊಲಕ್ಕ, ನಮ್ಮ ಎರಿ ಹೊಲಕ್ಕಲ್ಲ" ಅಂತ ಮುತ್ಯಾ ರೇಡಿಯೋಕ್ಕೇ ಎದುರು ಮಾತಾಡಾವ. ಆಮೇಲೆ ಮನಿಗೊಂದು ರೇಡಿಯೋ ಬಂತು, ಟಿವಿ ಬಂತು. ಕೇಳೋದು ಉಳೀತು, ಕೂಡಿ ಕೂಡೋದು ಹೋಯ್ತು.

ಕೂಡೋದು ಹೋದ್ರ ಏನು ಹೋಗ್ತದ? ಕಾಯಿಕೊರಕದ ಕಥಿ ನೋಡ್ರಿ.

1997-98ರ ಹಂಗಾಮು ನಮ್ಮ ಹಿರಿಯರು ಯಾರೂ ಮರೆತಿಲ್ಲ. ಅಕಾಲ ಮಳಿ, ಮೋಡ, ಹೂವು ಕಾಯಿ ತುಂಬ ಹಸಿರು ಹುಳ. ಹೊಡದ ಎಣ್ಣಿಗೆ ಹುಳ ಸಾಯಲಿಲ್ಲ. ವರ್ಷಾನುಗಟ್ಟಲೆ ಅದೇ ಅದೇ ಔಷಧ ಹೊಡೆದು ಹುಳಕ್ಕೆ ಅದನ್ನು ತಾಳುವ ಶಕ್ತಿ ಬಂದಿತ್ತು. ಒಂದರ ಮ್ಯಾಲೊಂದು ಎಣ್ಣಿ, ಅದಕ್ಕಾಗಿ ಸಾಲ, ಕಡಿಗಿ ರಾಶಿಗೆ ಏನೂ ಉಳಿಲಿಲ್ಲ. ಬೀದರ, ಕಲಬುರಗಿ ಎರಡೂ ಜಿಲ್ಲೆಗಳಲ್ಲಿ ರೈತರು ಜೀವ ಕಳಕೊಂಡರು.

ಆ ಕಾಲಕ್ಕೇ ಪಟಾನಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಉಪಾಯ ಪರೀಕ್ಷೆ ಮಾಡಿ ಹರಡಿದರು. ಸಾಲಿನ ನಡುವ ಇಬ್ಬರು ತಾಡಪತ್ರಿ ಇಲ್ಲಾ ಹಳೇ ಸೀರಿ ಹಿಡೀಬೇಕು. ಒಬ್ಬರು ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸಬೇಕು. ಹೆಚ್ಚಿನ ಹುಳ ಪಟಪಟ ಉದುರತಾವ. ಕೂಡಿಸಿದ ಹುಳ ಕೋಳಿಗೆ ಹಾಕಬಹುದು, ಇಲ್ಲಾ ಅದರಿಂದ ಎನ್‌ಪಿವಿ ನಂಜಾಣು ದ್ರಾವಣ ಮಾಡಬಹುದು. ಆ ನಂಜಾಣು ಹತ್ತಿದ ಹುಳ ಗಿಡದ ತುದಿಗೆ ಹೋಗಿ ತಲೆಕೆಳಗಾಗಿ ಜೋತು ಬಿದ್ದು ಸಾಯ್ತದ. ಹೊಲದಾಗ ನೀವೂ ನೋಡಿರಬಹುದು. ಬಿಸಿಲಿಗೆ ನಂಜಾಣು ಬ್ಯಾಗ ಹಾಳಾಗ್ತದ ಅಂತ ಅದನ್ನ ಸಂಜೀಕ ಹೊಡೀತಾರ, ಜೊತಿಗೆ ಬೆಲ್ಲ, ಅರಿವಿಗೆ ಹಾಕೋ ನೀಲಿ ಸೇರಸ್ತಾರ.

ಈಗ ಮುಖ್ಯ ಮಾತು. ಗಿಡ ಅಲುಗಾಡಿಸೋದು ಪ್ರಯೋಗಾಲಯದಾಗ ಹುಟ್ಟಿದ ಉಪಾಯ ಅಲ್ಲ. ಅದು ರೈತರದೇ ಹಳೇ ರೂಢಿ. ಎಣ್ಣಿ ಡಬ್ಬಿ ಬಂದ ಮ್ಯಾಲ ಅದು ಬಿಟ್ಟುಹೋಗಿತ್ತು. ವಿಜ್ಞಾನಿಗಳು ಅದನ್ನು ರೈತರಿಂದ ತಿಳಕೊಂಡು, ಪರೀಕ್ಷಿಸಿ, ತಿರುಗಿ ರೈತರಿಗೇ ಕೊಟ್ಟರು. ನಮ್ಮವ್ವನ್ನ ಕೇಳಿದೆ. "ನಾವು ಸಣ್ಣವರಿದ್ದಾಗ ಉಡಿ ಒಡ್ಡಿ ಜಾಡಸ್ತಿದ್ವಿ" ಅಂದಳು. ಮತ್ತ ಆ ವರ್ಷ ಯಾಕ ಹೇಳಲಿಲ್ಲ ಅಂದೆ. "ಯಾರು ಕೇಳಿದ್ರು?" ಅಂದಳು. ನನಗ ಉತ್ತರ ಇರಲಿಲ್ಲ. ನಮ್ಮ ಕಟ್ಟೆ ಮ್ಯಾಲ ಆವತ್ತೂ ಹೆಣ್ಮಕ್ಕಳು ಕೂಡತಿರಲಿಲ್ಲ, ಇವತ್ತೂ ಕೂಡೋದಿಲ್ಲ. ತೊಗರಿ ಸಾಲಿನಾಗ ಹೆಚ್ಚು ಹೊತ್ತು ಇರೋರು ಮಾತ್ರ ಅವರೇ.

ಬಾಯಿಂದ ಬಾಯಿಗೆ ಬರೋ ವಿದ್ಯೆ ಒಂದು ತಲೆಮಾರು ಸುಮ್ಮನಾದ್ರ ಕಡದು ಹೋಗ್ತದ. ಅದಕ್ಕೇ ಬರೆಯೋದು ಬೇಕು. ಇದನ್ನ ಚೊಲೋ ತಿಳಕೊಂಡೋರು ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು. 1988ರಲ್ಲಿ ಪುತ್ತೂರಿನಲ್ಲಿ ರೈತರೇ 'ಅಡಿಕೆ ಪತ್ರಿಕೆ' ಶುರು ಮಾಡಿದರು. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಶ್ರೀ ಪಡ್ರೆಯವರು ಕಾಸರಗೋಡು ಜಿಲ್ಲೆಯವರು, ತಾವೂ ಕೃಷಿಕರು. ಕೃಷಿಕರ ಕೈಗೆ ಲೇಖನಿ ಅನ್ನೋದು ಅವರ ಧ್ಯೇಯ. ಬರೆಯೋದು ಬರಲ್ಲ ಅಂದ ರೈತರನ್ನು ಶಿಬಿರಕ್ಕೆ ಕರೆದು ಬರೆಯೋದು ಕಲಿಸಿದರು. ಒಬ್ಬ ರೈತ ತನ್ನ ತೋಟದಲ್ಲಿ ಮಾಡಿದ್ದನ್ನು ಇನ್ನೊಬ್ಬ ರೈತನಿಗೆ ತಿಳಿಯೋ ಮಾತಿನಲ್ಲಿ ಹೇಳಬೇಕು, ಅಷ್ಟೇ. ಆ ಪತ್ರಿಕೆ ಇವತ್ತಿಗೂ ನಡೆದದ.

ಅಡಿಕೆ ಸೀಮೆ ಬ್ಯಾರೆ, ನಮ್ಮ ತೊಗರಿ ಸೀಮೆ ಬ್ಯಾರೆ. ಅಲ್ಲಿ ಓದಿದೋರು ಹೆಚ್ಚು, ತೋಟಕ್ಕೆ ನೀರಿತ್ತು ಅಂತ ನೀವನ್ನಬಹುದು. ಖರೆ. ಆದರ ನಮ್ಮ ಹತ್ರ ಬರೆಯೋಕೆ ಏನೂ ಇಲ್ಲ ಅನಬ್ಯಾಡ್ರಿ. 2019ರಲ್ಲಿ ಕಲಬುರಗಿ ತೊಗರಿ ಬ್ಯಾಳಿಗೆ ಭೌಗೋಳಿಕ ಗುರುತು ಸಿಕ್ಕದ. ಆ ರುಚಿ ಹಿಡದು ತಂದೋರ ಮಾತು ಎಲ್ಲಿ ಬರದಿಟ್ಟೀವಿ?

ಒಂದು ಎಚ್ಚರಿಕೆನೂ ಹೇಳಬೇಕು. ಕಟ್ಟೆ ಮಾತೆಲ್ಲ ಬಂಗಾರ ಅಲ್ಲ. 2022ರ ಹಂಗಾಮಿನಾಗ ನೆಟೆ ರೋಗ ಜಿಲ್ಲಾ ತುಂಬ ತೊಗರಿ ಒಣಗಿಸಿದಾಗ ನಮ್ಮಲ್ಲಿ ಹತ್ತು ಮಂದಿ ಹತ್ತು ಔಷಧ ಹೇಳಿದರು. ನಾನೂ ಒಬ್ಬರ ಮಾತು ಕೇಳಿ ಮೂರು ಬಗೆ ಎಣ್ಣಿ ಒಂದೇ ಟಾಕಿಗೆ ಕೂಡಿಸಿ ಹೊಡದೆ. ಒಣಗೋ ಗಿಡ ಒಣಗಿದವು, ರೊಕ್ಕ ಹೋಯ್ತು. ನಾಚಿಕಿ ಬಂದು ಯಾರಿಗೂ ಹೇಳಲಿಲ್ಲ. ಮರುವರ್ಷ ತಿಳೀತು, ನಮ್ಮ ಓಣಿಯ ಇನ್ನೂ ನಾಲ್ಕು ಮಂದಿ ಅದನ್ನೇ ಮಾಡಿ ಅದರಂಗೇ ಸುಮ್ಮನಿದ್ದರು. ಮದ್ಲ ಹೊಡದಾವ ನಾನೇ. ನಾ ಬಾಯಿ ಬಿಟ್ಟಿದ್ರ ಆ ನಾಲ್ಕು ಮಂದಿ ರೊಕ್ಕ ಉಳೀತಿತ್ತು.

ಹಳೇ ಮಾತನ್ನೂ ಹಂಗೇ ನುಂಗಬಾರದು. ತೊಗರಿ ಜೊತಿ ಜೋಳ ಇರಲಿ ಅಂತ ಹಿರಿಯರು ಹೇಳತಿದ್ದರು. ಸಿಡಿ ರೋಗಕ್ಕೆ ಅದು ಸರಿಯಾದ ಮಾತು, ಜೋಳದಿಂದ ಸಿಡಿ ಕಡಿಮಿ ಆಗ್ತದ. ಆದರ ಬೇರು ಒಣಗಿಸಿ ಕೊಳೆಸೋ ಇನ್ನೊಂದು ಬೂಜು ಜೋಳದಾಗೂ ಬದುಕ್ತದ. ಅದಕ್ಕೇ ಕಾಕಾ ಮದ್ಲ ಬುಡ ಸೀಳು ಅಂದದ್ದು. ಯಾವ ರೋಗ ಅಂತ ಗೊತ್ತಿಲ್ಲದ ಹೇಳಿದ ಔಷಧ ಅರ್ಧ ಸುಳ್ಳು.

ಪುಣೆಯ ಕೂಟಗಳಿಂದ ನಾವು ತಗೋಬೇಕಾದ್ದು ಇಷ್ಟೇ: ಕೇಳಿದ್ದನ್ನ ನಮ್ಮ ಹೊಲಕ್ಕೆ ಹಚ್ಚಿ ಮಾತಾಡೋದು, ತಿಳೀಲಾರದ್ದನ್ನ ಬರದು ಕೃಷಿ ವಿಜ್ಞಾನ ಕೇಂದ್ರದವರಿಗೆ ಕೇಳೋದು, ಬಂದ ಉತ್ತರ ಎಲ್ಲರಿಗೂ ಹೇಳೋದು. ಪುತ್ತೂರಿನಿಂದ ತಗೋಬೇಕಾದ್ದು ಇನ್ನೊಂದು: ತಾರೀಖು, ಹೊಲ, ತಳಿ, ಮಾಡಿದ್ದು, ಆದದ್ದು, ಐದೇ ಸಾಲು ಬರೆಯೋದು. ಸೋತದ್ದನ್ನೂ ಬರೆಯೋದು.

ನಾನು ಒಂದು ನೋಟಬುಕ್ ಕಟ್ಟೆ ಪಕ್ಕದ ಚಾ ಅಂಗಡಿಯಾಗ ಇಟ್ಟೀನಿ. ಮದಲನೇ ಪುಟದಾಗ 2022ರ ನನ್ನ ಮೂರು ಎಣ್ಣಿ ಕಥಿ ಬರದೀನಿ, ಎರಡನೇ ಪುಟದಾಗ ಅವ್ವ ಹೇಳಿದ ಉಡಿ ಒಡ್ಡೋ ಮಾತು. ಮೂರನೇದು ಖಾಲಿ ಅದ. ಆ ಹುಡುಗ ನಿನ್ನೆ ಬುಡ ಸೀಳಿದ ಎರಡು ಗಿಡ ತಂದಿದ್ದ. ಒಳಗ ಕಪ್ಪು ಗೆರಿ ಇತ್ತು, ಸಿಡಿ. ಬರೋ ಮುಂಗಾರಿಗೆ ಬೀಜಕ್ಕೆ ಕಿಲೋಕ್ಕ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ಬಿತ್ತತೀನಿ ಅಂದಾನ. ಮೂರನೇ ಪುಟ ಅವನೇ ಬರೀಲಿ ಅಂತ ಬಿಟ್ಟೀನಿ.

ನಿಮ್ಮ ಮನಿಯ ಮುತ್ಯಾ, ಆಯಿ, ಅವ್ವ ಏನು ಮಾಡತಿದ್ದರು ಅಂತ ಇವತ್ತು ಸಂಜೀಕ ಕೇಳಿ ನೋಡ್ರಿ. ಅವರಾಗೇ ಹೇಳೋದಿಲ್ಲ, ನಾವೇ ಕೇಳಬೇಕು.