ಬೆಕ್ಕಿನ ಆಹಾರ

ಸಾಕುಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಪಶ್ಚಿಮ ಏಷ್ಯಾದ ರೈತರ ಕಣಜಗಳಿಗೆ ಮುತ್ತಿದ ಇಲಿಗಳನ್ನು ಬೆನ್ನಟ್ಟಿ ಕಾಡುಬೆಕ್ಕು ಊರೊಳಗೆ ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಬಹುಕಾಲ ಬೆಕ್ಕಿನ ನಿಜವಾದ ಊಟ ಅದರ ಬೇಟೆಯೇ ಆಗಿತ್ತು. ಮನೆಯವರು ಹಾಕುತ್ತಿದ್ದುದು ಮೇಲುತುತ್ತು ಮಾತ್ರ. ಕರ್ನಾಟಕದಲ್ಲಿ ಹಾಲನ್ನ ತಿಂದು ಬೆಕ್ಕುಗಳು ಬೆಳೆದದ್ದೂ ಹೀಗೆಯೇ. ಅನ್ನದಲ್ಲಿ ಇಲ್ಲದ್ದನ್ನು ಅಟ್ಟದ ಇಲಿ, ಹಿತ್ತಿಲಿನ ಹಲ್ಲಿ ಒದಗಿಸುತ್ತಿದ್ದವು.

ಬೆಕ್ಕಿನ ಆಹಾರವನ್ನೇ ಮಾರಿ ಹೊಟ್ಟೆ ಹೊರೆಯುವವರು 19ನೇ ಶತಮಾನದ ಲಂಡನ್ನಿನಲ್ಲಿದ್ದರು. ಬೇಯಿಸಿದ ಕುದುರೆ ಮಾಂಸವನ್ನು ಕಡ್ಡಿಗೆ ಚುಚ್ಚಿ ಬೀದಿಬೀದಿ ತಿರುಗುತ್ತಿದ್ದ ಈ ವ್ಯಾಪಾರಿಗಳ ಬದುಕನ್ನು ಪತ್ರಕರ್ತ ಹೆನ್ರಿ ಮೇಹ್ಯೂ ವಿವರವಾಗಿ ದಾಖಲಿಸಿದ್ದಾನೆ. 20ನೇ ಶತಮಾನದಲ್ಲಿ ಡಬ್ಬಿ ಆಹಾರ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಡಬ್ಬಿಗೆ ಬೇಕಾದ ತವರಕ್ಕೆ ಅಭಾವ ಉಂಟಾದಾಗ ಅಮೆರಿಕದ ತಯಾರಕರು ಒಣ ಆಹಾರದತ್ತ ಹೊರಳಿದರು. 1947ರಲ್ಲಿ ಎಡ್ ಲೋ ಎಂಬಾತ ಬೆಕ್ಕಿನ ಮಲಮೂತ್ರಕ್ಕೆಂದು ಒಣ ಜೇಡಿಮಣ್ಣಿನ ಹರಳುಗಳನ್ನು ಮಾರತೊಡಗಿದ. ಬೆಕ್ಕು ಹೊರಗೆ ಕಾಲಿಡದೆಯೇ ಬದುಕುವುದು ಇದರಿಂದ ಸುಲಭವಾಯಿತು. ಆಹಾರದ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ: ಬೇಟೆ ನಿಂತ ಮೇಲೆ ತಟ್ಟೆಯ ಕೊರತೆಯನ್ನು ತುಂಬಲು ಬೇರೇನೂ ಉಳಿಯಲಿಲ್ಲ.

ಆ ಕೊರತೆ ಏನೆಂದು ತಿಳಿದದ್ದು ಬೆಕ್ಕುಗಳ ಕಾಯಿಲೆಯಿಂದ. ಹಾಲಿನ ಪ್ರೋಟೀನಾದ ಕೇಸೀನನ್ನು ಆಧರಿಸಿದ ಆಹಾರ ತಿಂದ ಬೆಕ್ಕುಗಳ ಅಕ್ಷಿಪಟಲ ಕ್ಷೀಣಿಸುವುದಕ್ಕೆ ಟಾರಿನ್ ಎಂಬ ಅಮೈನೋ ಆಮ್ಲದ ಅಭಾವವೇ ಕಾರಣವೆಂದು 1975ರಲ್ಲಿ ಕೆ. ಸಿ. ಹೇಯ್ಸ್ ಮತ್ತು ಸಂಗಡಿಗರು ತೋರಿಸಿದರು. ಮಾಂಸ, ಮೀನುಗಳಲ್ಲಿ ಟಾರಿನ್ ಧಾರಾಳವಾಗಿದೆ, ಧಾನ್ಯಗಳಲ್ಲಿ ಇಲ್ಲವೆನ್ನಬಹುದು. ಅನೇಕ ಪ್ರಾಣಿಗಳು ಇದನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿಗೆ ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಈ ಶೋಧದ ನಂತರ ಟಾರಿನ್ ಪ್ರಮಾಣಕ್ಕೆ ಮಾನದಂಡ ನಿಗದಿಯಾಯಿತು. ಆದರೂ ಅದಕ್ಕೆ ತಕ್ಕಂತೆಯೇ ತಯಾರಾದ ಆಹಾರ ತಿಂದ ಬೆಕ್ಕುಗಳು ಹೃದಯದ ಸ್ನಾಯು ಸೋತು ಸಾಯುತ್ತಿದ್ದವು. ಈ ರೋಗಕ್ಕೂ ಟಾರಿನ್ ಕೊರತೆಯೇ ಮೂಲವೆಂದು, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುವುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದರು. ಸಾವು ಖಚಿತವೆಂದು ಕೈಚೆಲ್ಲಿದ್ದ ಕಾಯಿಲೆಯೊಂದು ಆಹಾರದಿಂದಲೇ ವಾಸಿಯಾದದ್ದು ಪಶುವೈದ್ಯಕೀಯದ ಬಹು ದೊಡ್ಡ ಗೆಲುವುಗಳಲ್ಲೊಂದು. ತಯಾರಕರು ಟಾರಿನ್ ಹೆಚ್ಚಿಸಿದರು, ರೋಗ ಅಪರೂಪವಾಯಿತು. ಈಗ ಅಮೆರಿಕದ ಮಾನದಂಡದಂತೆ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ಒಣ ಆಹಾರದಲ್ಲಿ ಶೇ. 0.1, ಡಬ್ಬಿ ಆಹಾರದಲ್ಲಿ ಶೇ. 0.2 ಟಾರಿನ್ ಇರಬೇಕು. ಡಬ್ಬಿಯಲ್ಲಿ ಬೆಂದ ಆಹಾರ ತಿಂದ ಬೆಕ್ಕಿನ ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚು ಟಾರಿನ್ ನಾಶಮಾಡುವುದರಿಂದ ಈ ವ್ಯತ್ಯಾಸ.

ಟಾರಿನ್ ಒಂದೇ ಅಲ್ಲ, ಬೆಕ್ಕು ಮಾಂಸವನ್ನೇ ನಂಬಿರುವುದಕ್ಕೆ ಬೇರೆ ಗುರುತುಗಳೂ ಇವೆ. ಬೆಕ್ಕಿಗೆ ಕ್ಯಾರೆಟ್ಟಿನಿಂದ ಎ ಜೀವಸತ್ವ ದಕ್ಕುವುದಿಲ್ಲ. ಅದು ಪ್ರಾಣಿಜನ್ಯ ಆಹಾರದಿಂದ ಇಲ್ಲವೇ ಹೊರಗಿನಿಂದ ಸಿದ್ಧರೂಪದಲ್ಲೇ ಸಿಗಬೇಕು. ಆರ್ಜಿನಿನ್ ಎಂಬ ಅಮೈನೋ ಆಮ್ಲ ಇಲ್ಲದ ಒಂದೇ ಊಟದಿಂದ ರಕ್ತದಲ್ಲಿ ಅಮೋನಿಯಾ ವಿಷದ ಮಟ್ಟಕ್ಕೆ ಏರಬಹುದೆಂದು ಡೇವಿಸ್‌ನ ಜೇಮ್ಸ್ ಮಾರಿಸ್ ಮತ್ತು ಕ್ವಿಂಟನ್ ರಾಜರ್ಸ್ 1978ರಲ್ಲಿ ತೋರಿಸಿದ್ದರು. ಸಿಹಿ ರುಚಿಯನ್ನು ಗುರುತಿಸುವ ವಂಶವಾಹಿಯೊಂದು ಬೆಕ್ಕಿನಲ್ಲಿ ಕೆಟ್ಟಿರುವುದು 2005ರಲ್ಲಿ ಗೊತ್ತಾಯಿತು.

ಮನೆಯ ಅಡುಗೆಗೂ ಈ ತಿಳಿವಳಿಕೆ ಅನ್ವಯಿಸುತ್ತದೆ. ಟಾರಿನ್ ನೀರಿನಲ್ಲಿ ಕರಗುವುದರಿಂದ ಮಾಂಸ ಬೇಯಿಸಿದ ರಸವನ್ನು ಚೆಲ್ಲಬಾರದು. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಲು ಕಡಿಮೆ; ಅದನ್ನಷ್ಟೇ ತಿಂದು ಬೆಳೆಯುವ ಮರಿಗಳ ಮೂಳೆ ಸುಲಭವಾಗಿ ಮುರಿಯುತ್ತದೆ. ಪಿತ್ತಜನಕಾಂಗವನ್ನು ನಿತ್ಯ ತಿನ್ನಿಸಿದರೆ ಎ ಜೀವಸತ್ವ ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಕೆಲವು ಹಸಿ ಮೀನುಗಳಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಒಗ್ಗರಣೆ ಬೆರೆತ ಸಾರು ಬೆಕ್ಕಿಗೆ ಸಲ್ಲದು. ಹಾಲು ಪ್ರಾಯದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅರಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಪೂರ್ಣ ಆಹಾರ ತಯಾರಿಸುವವರು ಪಶುವೈದ್ಯರ ಸಲಹೆಯಂತೆ ಟಾರಿನ್, ಕ್ಯಾಲ್ಸಿಯಂ ಮತ್ತು ಜೀವಸತ್ವಗಳನ್ನು ಅಳೆದು ಸೇರಿಸಬೇಕಾಗುತ್ತದೆ.