ಬೂದು ಕಾರ್ಡಿನ ಸಾಕ್ಷ್ಯ: ಒಳಾಂಗಣ ಬೆಳಕನ್ನು ಕ್ಯಾಮೆರಾದಿಂದ ಅಳೆಯುವ ಕುರಿತು

ಮೇಜಿನ ಮೇಲೆ ಎಷ್ಟು ಬೆಳಕು ಬಿತ್ತೆಂದು ಲಕ್ಸ್ ಮೀಟರ್ ಹೇಳುತ್ತದೆ. ಅಲ್ಲಿಂದ ಕಣ್ಣಿನತ್ತ ಎಷ್ಟು ಬಂತೆಂದು, ಅಂದರೆ ಲ್ಯೂಮಿನೆನ್ಸ್ ಎಷ್ಟೆಂದು, ಹೇಳುವುದಿಲ್ಲ. 300 ಲಕ್ಸ್ ಬೆಳಕಿನಲ್ಲಿ, 18% ಪ್ರತಿಫಲಿಸುವ ಹೊಳಪಿಲ್ಲದ ಬೂದು ಕಾರ್ಡಿನ ಲ್ಯೂಮಿನೆನ್ಸ್ ಚದರ ಮೀಟರಿಗೆ ಸುಮಾರು 17 ಕ್ಯಾಂಡೆಲಾ. ಪಕ್ಕದಲ್ಲೇ ಇರುವ, 80% ಪ್ರತಿಫಲಿಸುವ ಬಿಳಿ ಹಾಳೆಯದು 76. ಕೋಣೆಯ ಪ್ರತಿ ಬಿಂದುವಿಗೂ ಇಂಥ ಅಂಕಿ ಬೇಕೆಂದರೆ ಕ್ಯಾಮೆರಾವೇ ಗತಿ. ಅಪರ್ಚರ್ ಬದಲಿಸದೆ, ಶಟರ್ ವೇಗವನ್ನಷ್ಟೇ ಬದಲಿಸಿ ತೆಗೆದ ಚಿತ್ರಗಳಿಂದ ಬೆಳಕಿನ ನಕ್ಷೆ ಕಟ್ಟುವ ವಿಧಾನವನ್ನು ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ವಿವರಿಸಿದರು. ಒಳಾಂಗಣ ಮಾಪನಕ್ಕೆ ಅದು ಒಗ್ಗುತ್ತದೆಯೇ ಎಂದು ಮೆಹ್ಲಿಕಾ ಇನಾನಿಜಿ 2006ರಲ್ಲಿ ಪರೀಕ್ಷಿಸಿದರು. ಸರಾಸರಿ ದೋಷ 10% ಒಳಗೇ ಇತ್ತು. ಇಷ್ಟರಲ್ಲಿ ತಕರಾರಿಲ್ಲ.

ತಕರಾರು ಆ ಸರಾಸರಿಯನ್ನು ಬಳಸುವ ರೀತಿಯಲ್ಲಿದೆ. ಬೂದು ಕಾರ್ಡನ್ನು ಲ್ಯೂಮಿನೆನ್ಸ್ ಮೀಟರಿನಿಂದ ಅಳೆದು, ಆ ಅಳತೆಗೂ ಚಿತ್ರದ ಅಂಕಿಗೂ ಇರುವ ಅನುಪಾತವೆಂಬ ಒಂದೇ ಗುಣಕದಿಂದ ಇಡೀ ಚಿತ್ರವನ್ನು ಗುಣಿಸುವುದು ರೂಢಿ. ಬೂದು ಬಣ್ಣ ದೀಪದ ರೋಹಿತವನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತದೆ. ಆದ್ದರಿಂದ ಆ ಗುಣಕ ಆ ರೋಹಿತಕ್ಕಷ್ಟೇ ಸರಿ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನೀಲಿ, ಹಸಿರುಗಳನ್ನು ಬಹುಪಾಲು ನುಂಗಿ ಕೆಂಪನ್ನು ಕಳಿಸುತ್ತದೆ. ಅಲ್ಲಿ ಬಣ್ಣಕ್ಕೆ ಕ್ಯಾಮೆರಾ ಸ್ಪಂದಿಸುವುದಕ್ಕೂ ಕಣ್ಣು ಸ್ಪಂದಿಸುವುದಕ್ಕೂ ಇರುವ ಅಂತರವೇ ಬೇರೆ. ಕಾರ್ಡಿಗೆ ಅದರ ಸುಳಿವಿಲ್ಲ.

ಬಣ್ಣದ ತುಣುಕುಗಳನ್ನೂ ಇನಾನಿಜಿ ಅಳೆದಿದ್ದರಲ್ಲ ಎನ್ನಬಹುದು. ಹೌದು. ಆದರೆ ಸರಾಸರಿಯಲ್ಲಿ ಪ್ರತಿ ತುಣುಕಿಗೂ ಒಂದೇ ತೂಕ. ಕೋಣೆಯಲ್ಲಿ ಹಾಗಿಲ್ಲ: ನೋಟದ ಅರ್ಧವನ್ನು ನೆಲವೇ ತುಂಬಿರಬಹುದು. ಅಲ್ಲದೆ ಆ ಪರೀಕ್ಷೆ ನಡೆದದ್ದು ಮನೆಗಳಲ್ಲಿ ಬಿಳಿ ಎಲ್‌ಇಡಿ ವ್ಯಾಪಿಸುವ ಮುನ್ನ. 450 ನ್ಯಾನೋಮೀಟರ್ ಆಸುಪಾಸಿನ ಅದರ ನೀಲಿ ಶಿಖರ ಹಳೆಯ ಬುರುಡೆ ಬಲ್ಬಿನಲ್ಲಿ ಇರಲಿಲ್ಲ.

ಹಾಗಾಗಿ, ಗುಣಕ ಕ್ಯಾಮೆರಾದ ಸ್ವತ್ತಲ್ಲ, ಕ್ಯಾಮೆರಾ, ದೀಪ, ಮೇಲ್ಮೈ ಮೂರರ ಜಂಟಿ ಸ್ವತ್ತು ಎಂಬುದು ನನ್ನ ವಾದ. ಇದಕ್ಕೆ ಮಿತಿಗಳಿವೆ. ಬೂದು, ಬಿಳಿಗಳೇ ತುಂಬಿದ ಕಚೇರಿಯಲ್ಲಿ ಈ ಆಕ್ಷೇಪ ಬಹುಶಃ ನಗಣ್ಯ. ಸೆನ್ಸರಿನ ಮೂರು ಫಿಲ್ಟರುಗಳು ಲೂಥರ್ 1927ರಲ್ಲಿ ಹೇಳಿದ ಷರತ್ತನ್ನು (ಅವುಗಳ ಸ್ಪಂದನೆ ಕಣ್ಣಿನ ಬಣ್ಣ ಸ್ಪಂದನೆಯ ರೇಖೀಯ ಮಿಶ್ರಣವಾಗಿರಬೇಕು) ಪೂರೈಸಿದರೆ ಆಕ್ಷೇಪವೇ ಬೀಳುತ್ತದೆ. ಮಾರುಕಟ್ಟೆಯ ಕ್ಯಾಮೆರಾಗಳು ಅದರ ಹತ್ತಿರ ಬರುತ್ತವೆ, ಪೂರ್ತಿ ಮುಟ್ಟುವುದಿಲ್ಲ. ದೋಷ ಹೆಚ್ಚಿನ ಕಡೆಗೋ ಕಡಿಮೆಯ ಕಡೆಗೋ ಎಂಬುದನ್ನೂ ಸಾಮಾನ್ಯ ನಿಯಮವಾಗಿ ಹೇಳಲಾಗದು.

ಮಿನುಗುವ ಎಲ್‌ಇಡಿಯೆದುರು ಚುರುಕು ಶಟರ್ ತರುವ ಗೊಂದಲ, ಫಿಶ್‌ಐ ಲೆನ್ಸಿನ ಅಂಚಿನ ಮಂಕು ಬೇರೆಯೇ ಪ್ರಶ್ನೆಗಳು, ಅವನ್ನಿಲ್ಲಿ ಎತ್ತಿಲ್ಲ. ಸದ್ಯಕ್ಕೆ ಕೋರಿಕೆ ಒಂದೇ: ಬೂದು ಕಾರ್ಡಿನ ಜೊತೆಗೆ, ಕೋಣೆಯಲ್ಲಿ ಅತಿ ಹೆಚ್ಚು ಜಾಗ ಹಿಡಿದ ಬಣ್ಣವನ್ನೂ ಮೀಟರಿನಿಂದ ಅಳೆದು ಎರಡೂ ಗುಣಕಗಳನ್ನು ಪ್ರಕಟಿಸಬೇಕು.